ಪೆಟ್ಟಿನ ನಂತರ ಶಿಶ್ನ ಡೊಂಕಾದರೆ: ಮೊದಲ ತಿಂಗಳುಗಳಲ್ಲಿ ಏನು ಮಾಡಬೇಕು?

ಶಿಶ್ನ ನಿಮಿರಿದಾಗ ಒಂದು ಕಡೆಗೆ ಬಾಗುವುದು, ಒಳಗೆ ಗಂಟು ಸಿಗುವುದು, ನೋವಾಗುವುದು: ಈ ಮೂರೂ ಸೇರಿದ ತೊಂದರೆಗೆ ವೈದ್ಯರು ಪೆರೋನಿ ಕಾಯಿಲೆ ಎನ್ನುತ್ತಾರೆ. ಫ್ರಾನ್ಸಿನ ದೊರೆ 15ನೇ ಲೂಯಿಯ ಶಸ್ತ್ರವೈದ್ಯ ಫ್ರಾನ್ಸ್ವಾ ಡಿ ಲಾ ಪೆರೋನಿ 1743ರಲ್ಲಿ ಇದನ್ನು ವಿವರಿಸಿದ್ದರಿಂದ ಈ ಹೆಸರು. ಹೆಚ್ಚಾಗಿ ಕಾಣುವುದು ನಡುವಯಸ್ಸು ದಾಟಿದವರಲ್ಲಿ. ಆದರೆ ಯುವಕರಿಗೂ ಬರುತ್ತದೆ. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಹುಟ್ಟಿನಿಂದಲೇ ಇರುವ ಸಣ್ಣ ಬಾಗು ಕೂಡ ಕಾಯಿಲೆಯಲ್ಲ. ನೇರವಾಗಿದ್ದದ್ದು ಹೊಸದಾಗಿ ಡೊಂಕಾದರೆ ಮಾತ್ರ ಗಮನ ಕೊಡಬೇಕು.

ಡೊಂಕು ಬರುವುದು ಹೇಗೆ?

ಶಿಶ್ನದೊಳಗೆ ರಕ್ತ ತುಂಬಿಕೊಳ್ಳುವ ಎರಡು ಕೊಳವೆಗಳಿವೆ. ಅವುಗಳ ಸುತ್ತ ಗಟ್ಟಿಯಾದ, ಆದರೆ ಹಿಗ್ಗುವ ಪೊರೆಯಿದೆ. ಸಂಭೋಗದ ವೇಳೆ ಜಾರಿ ತಪ್ಪಿ ಮಡಚಿಕೊಂಡಾಗ, ಅಥವಾ ಬಿದ್ದು ಪೆಟ್ಟಾದಾಗ ಈ ಪೊರೆ ಒಳಗೊಳಗೇ ಹರಿಯಬಹುದು. ಕೆಲವರಲ್ಲಿ ಆ ಗಾಯ ಸರಿಯಾಗಿ ಮಾಯದೆ ಗಡುಸಾದ ಕಲೆಯಾಗಿ ಉಳಿಯುತ್ತದೆ. ಸೈಕಲ್ ಟ್ಯೂಬಿಗೆ ತೇಪೆ ಹಾಕಿ ಗಾಳಿ ತುಂಬಿದರೆ ತೇಪೆಯಿದ್ದ ಕಡೆ ಹಿಗ್ಗದೆ ಟ್ಯೂಬು ಬಾಗುತ್ತದಲ್ಲ, ಇಲ್ಲಿಯೂ ಹಾಗೆಯೇ.

ಎಲ್ಲರಿಗೂ ಪೆಟ್ಟಿನ ನೆನಪಿರುವುದಿಲ್ಲ. ಗೊತ್ತಾಗದಂಥ ಸಣ್ಣ ಪೆಟ್ಟುಗಳು ಸೇರಿಯೂ ಹೀಗಾಗಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಬೀಡಿ-ಸಿಗರೇಟು ಸೇದುವವರಲ್ಲಿ, ಅಂಗೈಯ ನರದಂತೆ ಕಾಣುವ ಪಟ್ಟಿ ಗಟ್ಟಿಯಾಗಿ ಬೆರಳು ಮಡಚಿಕೊಳ್ಳುವ ಡುಪ್ಯುಟ್ರನ್ ತೊಂದರೆಯಿರುವವರಲ್ಲಿ ಇದರ ಸಾಧ್ಯತೆ ಹೆಚ್ಚು.

ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕಾದದ್ದು

ನಿಮಿರಿದ್ದಾಗ ಪೆಟ್ಟಾಗಿ ‘ಟಪ್’ ಎಂಬ ಸದ್ದು ಕೇಳಿ, ತಕ್ಷಣ ನಿಮಿರುವಿಕೆ ಇಳಿದು, ಊದಿಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿದರೆ ಅದು ಶಿಶ್ನ ಮುರಿತ. ಅಲ್ಲಿ ಮೂಳೆಯಿಲ್ಲ, ಹರಿದಿರುವುದು ಪೊರೆ. ಮೂತ್ರದ ದ್ವಾರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ ಮೂತ್ರನಾಳಕ್ಕೂ ಪೆಟ್ಟಾಗಿರಬಹುದು. ಬೆಳಗಾಗಲಿ ಎಂದು ಕಾಯಬಾರದು. ಉಜ್ಜಬಾರದು, ಎಣ್ಣೆ ಹಚ್ಚಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟುಕೊಂಡು, 108ಕ್ಕೆ ಕರೆಮಾಡಿ ಹೊರಡಬೇಕು. ಬೇಗ ಹೊಲಿಗೆ ಹಾಕಿಸಿಕೊಂಡಷ್ಟೂ ಮುಂದೆ ಡೊಂಕು, ನಿಮಿರದಿರುವಿಕೆ ಉಳಿಯುವ ಸಾಧ್ಯತೆ ಕಡಿಮೆ.

ಮೆಲ್ಲಗೆ ಕಾಣಿಸಿಕೊಳ್ಳುವ ಲಕ್ಷಣಗಳು

ಪೆಟ್ಟಾಗಿ ಕೆಲವು ವಾರ ಅಥವಾ ತಿಂಗಳಾದ ಮೇಲೆ ಇವು ಕಾಣಿಸಬಹುದು:

• ನಿಮಿರಿದಾಗ, ಕೆಲವರಿಗೆ ಸುಮ್ಮನಿದ್ದಾಗಲೂ ನೋವು
• ಚರ್ಮದ ಕೆಳಗೆ ಗಟ್ಟಿ ಗಂಟು ಅಥವಾ ಪಟ್ಟಿ
• ಮೇಲಕ್ಕೆ, ಕೆಳಕ್ಕೆ ಅಥವಾ ಪಕ್ಕಕ್ಕೆ ಹೊಸ ಬಾಗು
• ನಡುವೆ ಸೊಂಟದಂತೆ ಕಿರಿದಾಗುವುದು, ಉದ್ದ ಕಡಿಮೆಯಾದಂತೆ ಅನಿಸುವುದು
• ಗಂಟಿನ ಮುಂದಿನ ಭಾಗ ಸರಿಯಾಗಿ ಗಟ್ಟಿಯಾಗದಿರುವುದು

ನೋವು ಹೋದರೆ ವಾಸಿಯಾದಂತಲ್ಲ

ಈ ಕಾಯಿಲೆಗೆ ಎರಡು ಹಂತಗಳಿವೆ. ಮೊದಲನೆಯದು ಉರಿಯೂತದ ಹಂತ. ನೋವಿರುತ್ತದೆ, ಬಾಗು ಬದಲಾಗುತ್ತಿರುತ್ತದೆ. ಸಾಮಾನ್ಯವಾಗಿ 6ರಿಂದ 18 ತಿಂಗಳು ಹೀಗೆ ನಡೆಯುತ್ತದೆ. ಎರಡನೆಯದರಲ್ಲಿ ನೋವು ಇಳಿದು, ಬಾಗು ಇದ್ದಲ್ಲೇ ನಿಲ್ಲುತ್ತದೆ. ನೋವು ಬಹುತೇಕರಿಗೆ ತಾನಾಗಿಯೇ ಹೋಗುತ್ತದೆ. ಬಾಗು ತಾನಾಗಿ ಕಡಿಮೆಯಾಗುವುದು ಕೆಲವರಿಗೆ ಮಾತ್ರ. ನೋವಿಲ್ಲವೆಂದು ಸುಮ್ಮನಾದವರು ಚಿಕಿತ್ಸೆಗೆ ಒಳ್ಳೆಯ ಸಮಯವನ್ನು ಕಳೆದುಕೊಳ್ಳುವುದು ಇಲ್ಲಿಯೇ.

ಮನೆಯಲ್ಲಿ ಪಾಲಿಸಬೇಕಾದದ್ದು

ನೋವಿರುವಷ್ಟು ದಿನ ಸಂಭೋಗ ಬೇಡ. ನಂತರವೂ ಮಡಚಿಕೊಳ್ಳುವ ಭಂಗಿಗಳು ಬೇಡ. ಡೊಂಕನ್ನು ಕೈಯಿಂದ ಬಲವಂತವಾಗಿ ನೇರ ಮಾಡಲು ಹೋದರೆ ಹೊಸ ಗಾಯವಾಗುತ್ತದೆ. ನಿಮಿರಿದ ಸ್ಥಿತಿಯಲ್ಲಿ ಮೇಲಿನಿಂದ ಮತ್ತು ಪಕ್ಕದಿಂದ ಫೋಟೊ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಬಾಗಿನ ಅಳತೆ ಸಿಗುತ್ತದೆ. ಅದು ನಿಮ್ಮ ಫೋನಿನಲ್ಲೇ ಭದ್ರವಾಗಿರಲಿ. ಪೆಟ್ಟಾದ ದಿನ, ನೋವು ಶುರುವಾದ ದಿನ, ನುಂಗುತ್ತಿರುವ ಮಾತ್ರೆಗಳನ್ನು ಬರೆದಿಟ್ಟುಕೊಳ್ಳಿ. ಸಕ್ಕರೆ ಹತೋಟಿಯಲ್ಲಿರಲಿ, ಬೀಡಿ ಬಿಡಿ.

ಬಸ್‌ ನಿಲ್ದಾಣದ ಗೋಡೆಯ ‘ಗುಪ್ತರೋಗ’ ಜಾಹೀರಾತು, ಸಂತೆಯ ತೈಲ, ಹೆಸರಿಲ್ಲದ ಪುಡಿಗಳಿಂದ ದೂರವಿರಿ. ‘ಗಿಡಮೂಲಿಕೆ’ ಎಂದು ಮಾರುವ ಶಕ್ತಿವರ್ಧಕಗಳಲ್ಲಿ ಸಿಲ್ಡೆನಾಫಿಲ್ ಎಂಬ ನಿಮಿರುವಿಕೆಯ ಔಷಧ ಬೆರೆಸಿರುವುದು ತಪಾಸಣೆಗಳಲ್ಲಿ ಸಿಕ್ಕಿದೆ. ಎದೆನೋವಿಗೆ ನಾಲಿಗೆಯಡಿ ನೈಟ್ರೇಟ್ ಮಾತ್ರೆ ಇಡುವವರಿಗೆ ಅದು ಪ್ರಾಣಾಪಾಯ ತರಬಲ್ಲದು.

ವೈದ್ಯರು ಏನು ಮಾಡುತ್ತಾರೆ?

ಕೈಯಿಂದ ಮುಟ್ಟಿ ಗಂಟನ್ನು ಗುರುತಿಸುತ್ತಾರೆ. ಬೇಕೆನಿಸಿದರೆ ಇಂಜೆಕ್ಷನ್ನಿನಿಂದ ನಿಮಿರುವಂತೆ ಮಾಡಿ ಬಾಗನ್ನು ಅಳೆಯುತ್ತಾರೆ, ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತದ ಹರಿವು ನೋಡುತ್ತಾರೆ. ಮೊದಲ ಹಂತದಲ್ಲಿ ನೋವು-ಉರಿಯೂತ ಇಳಿಸುವ ಮಾತ್ರೆ ಕೊಡುತ್ತಾರೆ. ತಜ್ಞರ ನಿಗಾದಲ್ಲಿ, ದಿನಾ ಇಂತಿಷ್ಟು ಹೊತ್ತು ಬಳಸುವ ಎಳೆತದ ಸಾಧನದಿಂದ ಕೆಲವರಿಗೆ ಲಾಭವಿದೆ. ಕೈಯಿಂದ ಎಳೆಯುವುದು ಅದಕ್ಕೆ ಸಮವಲ್ಲ. ವಿಟಮಿನ್ ಇ ಮಾತ್ರೆಯನ್ನು ಹಿಂದೆ ಬಹಳ ಬರೆಯುತ್ತಿದ್ದರು. ಬಾಗಿಗೆ ಅದರಿಂದ ಪ್ರಯೋಜನ ಕಾಣದ ಕಾರಣ ಅಮೆರಿಕದ ಮೂತ್ರರೋಗ ತಜ್ಞರ ಸಂಘದ 2015ರ ಮಾರ್ಗಸೂಚಿ ಅದನ್ನು ಬೇಡವೆಂದಿದೆ. ಶಾಕ್‌ವೇವ್ ಚಿಕಿತ್ಸೆ ನೋವನ್ನು ಇಳಿಸಬಹುದು, ಬಾಗನ್ನಲ್ಲ. ಗಂಟಿಗೇ ವೆರಾಪಮಿಲ್‌ನಂಥ ಔಷಧದ ಇಂಜೆಕ್ಷನ್ ಕೊಡುವ ಕ್ರಮವೂ ಉಂಟು.

ಶಸ್ತ್ರಚಿಕಿತ್ಸೆಗೆ ಅವಸರ ಸಲ್ಲದು. ಬಾಗು ಕೆಲವು ತಿಂಗಳು ಬದಲಾಗದೆ ನಿಂತು, ಸಂಭೋಗಕ್ಕೆ ಅಡ್ಡಿಯಾಗುತ್ತಿದ್ದರೆ ಮಾತ್ರ ಅದರ ಮಾತು.

ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳಿಂದ ಚಿಕಿತ್ಸೆಗೆ ಎಲ್ಲಿಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಐದೂ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ಸರ್ಜನ್‌ಗೆ ತೋರಿಸಿ, ಮೂತ್ರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ, ಬಳ್ಳಾರಿ ಅನುಕೂಲ. ಹರಪನಹಳ್ಳಿ, ಕೊಟ್ಟೂರಿನವರಿಗೆ ದಾವಣಗೆರೆಯೂ, ಹಡಗಲಿಯವರಿಗೆ ಗದಗ-ಹುಬ್ಬಳ್ಳಿಯೂ ಕೈಗೆಟುಕುತ್ತವೆ. ತಜ್ಞರು ಸಿಗುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ-ಯೂರಾಲಜಿ ಸಂಸ್ಥೆ ಸರ್ಕಾರಿಯೇ. ಹೋಗುವಾಗ ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಜೊತೆಗಿರಲಿ.

ಮನಸ್ಸಿನ ಭಾರ

ಈ ತೊಂದರೆಯಿರುವ ಹಲವರನ್ನು ಖಿನ್ನತೆ ಕಾಡುತ್ತದೆ. ಹಸ್ತಮೈಥುನದ ಪಾಪ, ಯಾರದೋ ಶಾಪ ಎಂಬ ಮಾತುಗಳಿಗೆ ಆಧಾರವಿಲ್ಲ. ಹೆಂಡತಿಯಿಂದ ಮುಚ್ಚಿಟ್ಟರೆ ಆಕೆ ಬೇರೇನೋ ಊಹಿಸಿಕೊಳ್ಳುತ್ತಾಳೆ. ‘ಪೆಟ್ಟಾಗಿದೆ, ನೋವಿದೆ, ಡಾಕ್ಟರಿಗೆ ತೋರಿಸುತ್ತಿದ್ದೇನೆ’ ಎಂದರೆ ಸಾಕು. ನಿದ್ದೆ ಕೆಟ್ಟರೆ, ಬದುಕು ಬೇಡವೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಕೈಕಾಲಿಗೆ ಪೆಟ್ಟಾದರೆ ಆಸ್ಪತ್ರೆಗೆ ಹೋಗಲು ಯಾರೂ ನಾಚುವುದಿಲ್ಲ. ಇದೂ ದೇಹದ ಒಂದು ಅಂಗಕ್ಕೆ ಆದ ಗಾಯ. ಹೊಸ ಗಂಟು, ಹೊಸ ಬಾಗು ಕಂಡರೆ ಆ ವಾರವೇ ವೈದ್ಯರಿಗೆ ತೋರಿಸಿ.