ಏರುಗೆರೆಯ ನಡುವಣ ವಿರಾಮ

1940ರ ಡಿಸೆಂಬರ್ ತಿಂಗಳಲ್ಲಿ, ಜರ್ಮನ್ ಸೈನ್ಯದ ವಶವಾಗಿ ಪಡಿತರದ ಅಳತೆಯಲ್ಲಿ ಹೊಟ್ಟೆ ಹೊರೆಯುತ್ತಿದ್ದ ಪ್ಯಾರಿಸ್ ನಗರದಲ್ಲಿ, ಜಾಕ್ ಮೊನೋ ಎಂಬ ತರುಣ ವಿಜ್ಞಾನಿಯು ತಮ್ಮ ಪ್ರಯೋಗದ ರೇಖಾಚಿತ್ರವೊಂದನ್ನು ಹಿಡಿದುಕೊಂಡು ಪಾಸ್ತರ್ ಸಂಸ್ಥೆಯ ಆಂದ್ರೆ ಲ್ವಾಫ್ ಅವರ ಬಳಿಗೆ ಹೋದರು. ಎರಡು ಬಗೆಯ ಸಕ್ಕರೆಯನ್ನು ಕರಗಿಸಿದ ದ್ರವದಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸಿದಾಗ, ಆ ತಿಳಿದ್ರವವು ಗಳಿಗೆಗಳಿಗೆಗೂ ಮಬ್ಬಾಗುತ್ತ ಬಂದು, ಇದ್ದಕ್ಕಿದ್ದಂತೆ ತಡೆದು ನಿಂತು, ಕೆಲಹೊತ್ತಿನ ಮೇಲೆ ಮತ್ತೆ ಮಬ್ಬಾಗತೊಡಗುತ್ತಿತ್ತು. ಕಾಗದದ ಮೇಲೆ ಬೆಳವಣಿಗೆಯನ್ನು ತೋರಿಸುವ ಏರುಗೆರೆಯ ನಡುವೆ ಸಮತಲವಾದ ಮೆಟ್ಟಿಲೊಂದು ಮೂಡಿತ್ತು. ಇದು ಕಿಣ್ವಗಳ ಹೊಂದಾಣಿಕೆಗೆ ಸಂಬಂಧಿಸಿರಬಹುದೆಂದು ಲ್ವಾಫ್ ಸೂಚಿಸಿದರು. ಮೊನೋ ಆ ಮಾತನ್ನು ಅದುವರೆಗೆ ಕೇಳಿಯೇ ಇರಲಿಲ್ಲ.

ನಾಜಿಗಳ ವಿರುದ್ಧ ಗುಪ್ತ ಪ್ರತಿರೋಧದಲ್ಲಿ ದುಡಿದು, ಯುದ್ಧ ಮುಗಿದ ಮೇಲೆ ಅವರು ಲ್ವಾಫ್ ಅವರ ಅಟ್ಟದ ಪ್ರಯೋಗಶಾಲೆಯನ್ನೇ ಸೇರಿದರು. ನಾರ್ಮಂಡಿಯ ರಣಾಂಗಣದಲ್ಲಿ ತೀವ್ರವಾಗಿ ಗಾಯಗೊಂಡು ಶಸ್ತ್ರವೈದ್ಯನಾಗುವ ಆಸೆಯನ್ನು ಕಳೆದುಕೊಂಡಿದ್ದ ಫ್ರಾಂಸ್ವಾ ಜಾಕೊಬ್ 1950ರಲ್ಲಿ ಅದೇ ಅಟ್ಟಕ್ಕೆ ಬಂದರು. ಲ್ಯಾಕ್ಟೋಸ್ ಎಂಬ ಸಕ್ಕರೆ ಇಲ್ಲದಿರುವಾಗ ನಿರೋಧಕ ಪದಾರ್ಥವೊಂದು ಅದನ್ನು ಅರಗಿಸುವ ಜೀನ್‌ಗಳ ಬಾಗಿಲಲ್ಲಿ ಕುಳಿತು ಅವುಗಳ ಕಾರ್ಯವನ್ನು ತಡೆಯುವುದೆಂದೂ, ಲ್ಯಾಕ್ಟೋಸ್ ದೊರೆತಾಗ ಆ ಪದಾರ್ಥವು ಕಳಚಿಕೊಂಡು, ಒಂದೇ ಸಾಲಿನಲ್ಲಿರುವ ಹಲವು ಜೀನ್‌ಗಳು ಒಟ್ಟಿಗೆ ಕೆಲಸಕ್ಕೆ ತೊಡಗುವುವೆಂದೂ ಅವರಿಬ್ಬರು 1961ರಲ್ಲಿ ಪ್ರತಿಪಾದಿಸಿದರು. ಆ ಸಾಲಿಗೆ ಅವರಿಟ್ಟ ಹೆಸರು ಆಪೆರಾನ್. 1965ರಲ್ಲಿ ಲ್ವಾಫ್, ಮೊನೋ, ಜಾಕೊಬ್ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಲ್ಯಾಕ್ಟೋಸಿನಂಥ ಎರಡನೆಯ ಸಕ್ಕರೆ ಮುಂದಿದ್ದರೂ ಬ್ಯಾಕ್ಟೀರಿಯವು ಮೊದಲನೆಯ ಸಕ್ಕರೆಯಾದ ಗ್ಲೂಕೋಸ್ ತೀರುವವರೆಗೆ ಕಾಯುವುದೇಕೆ? ಅದೇ 1965ರಲ್ಲಿ ಮಕ್ಮನ್ ಮತ್ತು ಸದರ್ಲೆಂಡ್ ಎಂಬ ವಿಜ್ಞಾನಿಗಳು, ಗ್ಲೂಕೋಸ್ ಇರುವಾಗ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಅಣುವಿನ ಪ್ರಮಾಣ ತಗ್ಗಿರುವುದನ್ನೂ, ಗ್ಲೂಕೋಸ್ ಬರಿದಾದಾಗ ಅದು ಏರುವುದನ್ನೂ ಕಂಡರು. ಆ ಅಣುವು ಪ್ರೋಟೀನೊಂದರ ಜೊತೆಗೂಡಿ, ಬೇರೆ ಆಹಾರಗಳನ್ನು ಅರಗಿಸುವ ಅನೇಕ ಜೀನ್‌ಗಳನ್ನು ಏಕಕಾಲದಲ್ಲಿ ಪ್ರಚೋದಿಸುವುದೆಂಬುದು ಆಮೇಲೆ ಸ್ಪಷ್ಟವಾಯಿತು. ಇನ್ನೊಂದು ಬಗೆಯ ಹಸಿವಿನಲ್ಲೂ ಇಂಥದೇ ಸಂಕೇತ ಕಂಡಿತು: 1969ರಲ್ಲಿ ಕ್ಯಾಶೆಲ್ ಮತ್ತು ಗ್ಯಾಲಂಟ್ ಎಂಬ ವಿಜ್ಞಾನಿಗಳು, ಅಮೈನೋ ಆಮ್ಲಗಳ ಕೊರತೆಯಿಂದ ಬಳಲಿದ ಬ್ಯಾಕ್ಟೀರಿಯಗಳ ಸಾರವನ್ನು ಪರೀಕ್ಷಿಸುವಾಗ, ಅಪರಿಚಿತವಾದ ಎರಡು ಕಲೆಗಳನ್ನು ಕಂಡು ಅವುಗಳನ್ನು 'ಮಾಯಾಬಿಂದು'ಗಳೆಂದು ಕರೆದರು. ಪ್ರೋಟೀನುಗಳನ್ನು ತಯಾರಿಸುವ ರೈಬೊಸೋಮುಗಳ ನಿರ್ಮಾಣದಂಥ ದುಬಾರಿ ವೆಚ್ಚಗಳನ್ನು ತಗ್ಗಿಸಲು ಕ್ಷಾಮಕಾಲದಲ್ಲಿ ಜೀವಕೋಶವು ಹೊರಡಿಸುವ ಆಜ್ಞೆಯೇ ಆ ಕಲೆಗಳಲ್ಲಿ ಅಡಗಿದ್ದಿತು.

ನರಮಂಡಲವಿಲ್ಲದ, ಕಣ್ಣಿಗೆ ಕಾಣದ ಜೀವಿಯೊಂದು ಹಸಿವಿನ ವೇಳೆಯಲ್ಲಿ ಖರ್ಚನ್ನು ಹಿಡಿದು, ಮುಂದಿನ ಊಟಕ್ಕೆ ಬೇಕಾದುದನ್ನು ಅಣಿಗೊಳಿಸುವ ಈ ಗೃಹಕೃತ್ಯವನ್ನು ನೆನೆದಾಗ ನನ್ನ ಮನಸ್ಸು ಗೌರವದಿಂದ ಬಾಗುತ್ತದೆ. ಹಸಿದ ನಗರದಲ್ಲಿ ಮೊನೋ ಎಳೆದ ಗೆರೆಯ ಆ ಪುಟ್ಟ ಮೆಟ್ಟಿಲು, ಬೆಳವಣಿಗೆ ನಿಂತಂತೆ ತೋರಿದ ಆ ಹೊತ್ತು, ಹೊಸ ಕಿಣ್ವಗಳು ಸಿದ್ಧಗೊಳ್ಳುತ್ತಿದ್ದ ಹೊತ್ತಾಗಿದ್ದಿತು.