ತಟ್ಟೆಯಲ್ಲಿರುವ ಚೀನಾ, ನೆನಪಿನಲ್ಲಿಲ್ಲದ ಚೀನೀಯರು

ಗುಬ್ಬಿ ತಾಲೂಕಿನ ಸಿ.ಎಸ್. ಪುರದಂಥ ಹೋಬಳಿ ಊರಿನಲ್ಲಿ ಚೀನಾ ದೇಶವನ್ನು ಕಂಡು ಬಂದವರು ಅಪರೂಪ. ಆದರೆ ಗೋಬಿ ಮಂಚೂರಿ ತಿನ್ನದ ಹುಡುಗರು ಅದಕ್ಕಿಂತಲೂ ಅಪರೂಪ. ಸಂಜೆಯಾದರೆ ತಳ್ಳುಗಾಡಿಯ ಬಾಣಲೆಗೆ ಎಣ್ಣೆ ಬೀಳುತ್ತದೆ, ಹಿಟ್ಟಿನಲ್ಲಿ ಅದ್ದಿದ ಹೂಕೋಸು ಚುರ್ ಎನ್ನುತ್ತದೆ, ಜನ ಸೇರುತ್ತಾರೆ. ತಮಾಷೆಯೆಂದರೆ ಮಂಚೂರಿಯಾ ಎಂಬುದು ಚೀನಾದ ಈಶಾನ್ಯ ಭಾಗದ ಹಳೆಯ ಹೆಸರು. ಅಲ್ಲಿಯವರಿಗೆ ಈ ತಿಂಡಿಯ ಪರಿಚಯವೇ ಇಲ್ಲ. ಹಾಗಿದ್ದರೆ ಇದು ನಮ್ಮ ಊರಿಗೆ ಬಂದದ್ದಾದರೂ ಎಲ್ಲಿಂದ?

ಈ ಪ್ರಶ್ನೆ ನಮಗೆ ಹೊಳೆದದ್ದು ಒಂದು ಸಪ್ಪೆ ಊಟದ ಮುಂದೆ. ತುಮಕೂರು ನಗರದಲ್ಲಿ 'ಏಷ್ಯನ್ ಫ್ಯೂಷನ್' ಎಂದು ಬೋರ್ಡು ಹಾಕಿಕೊಂಡ ಹೋಟೆಲೊಂದಕ್ಕೆ ನಾವು ಸ್ನೇಹಿತರು ಆಸೆಯಿಂದ ಹೋಗಿದ್ದೆವು. ಥಾಯ್ಲೆಂಡಿನದೆಂದು ಒಂದು ಸಾರು, ಕೊರಿಯಾದ್ದೆಂದು ಒಂದು ಪಲ್ಯ, ಚೀನಾದ್ದೆಂದು ನೂಡಲ್ಸ್ ತುಂಬಿದ ದೋಸೆ ಬಂದವು. ಮೂರಕ್ಕೂ ಒಂದೇ ರುಚಿ, ಒಂದೇ ಕೆಂಪು ಬಣ್ಣ, ಕಾರ್ನ್‌ಫ್ಲೋರಿನ ಒಂದೇ ಅಂಟು. ತೆಂಗಿಗೆ ಹೆಸರಾದ ಸೀಮೆಯಲ್ಲಿ ಕುಳಿತು ಪೊಟ್ಟಣದ ತೆಂಗಿನ ಹಾಲಿನ ಸಾರು ಉಣ್ಣಬೇಕಾಯಿತು. ಯಾವುದು ಯಾವ ಊರಿನ ಅಡುಗೆ ಎಂದು ವಿಚಾರಿಸಿದರೆ ಬಡಿಸುವ ಹುಡುಗನಿಗೂ ಗೊತ್ತಿರಲಿಲ್ಲ, ಪಾಪ.

ಬೆರಕೆಯಾದದ್ದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಬೆರಕೆಯಿಲ್ಲದ ಅಡುಗೆ ನಮ್ಮಲ್ಲಿ ಎಲ್ಲಿದೆ? ಮುದ್ದೆಯ ಜೊತೆಗಿನ ಸಾರಿಗೆ ಬೇಕೇ ಬೇಕಾದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಹೂಕೋಸಿನ ಬೀಜ ಇಂಗ್ಲೆಂಡಿನಿಂದ 1822ರಲ್ಲಿ ಸಹಾರನ್‌ಪುರದ ಕಂಪನಿ ತೋಟಕ್ಕೆ ಬಂತು. ಇವನ್ನು ನಮ್ಮವರು ತಮ್ಮ ಒಲೆಯ ಮೇಲಿಟ್ಟು ನಿಧಾನವಾಗಿ ತಮ್ಮದಾಗಿಸಿಕೊಂಡರು. ಗೋಬಿ ಮಂಚೂರಿಯ ಕಥೆಯೂ ಹೀಗೆಯೇ ಕೂಡಿಕೊಂಡದ್ದು. ಆದರೆ ಅದರ ಹಿಂದೆ ಒಂದು ಸಮುದಾಯದ ನೋವೂ ಇದೆ.

ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ (1773-85) ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಕಲ್ಕತ್ತೆಯ ಹತ್ತಿರ, ಹೂಗ್ಲಿ ನದಿಯ ದಂಡೆಯಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ. ಆ ಜಾಗಕ್ಕೆ ಇಂದಿಗೂ ಅಚಿಪುರ ಎಂದೇ ಹೆಸರು. ಅವನ ಹಿಂದೆ ಬಡಗಿಗಳು, ಚಮ್ಮಾರರು, ದಂತವೈದ್ಯರು ಬಂದು ನೆಲೆಸಿದರು. ಹಕ್ಕಾ ಪಂಗಡದವರು ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕಸುಬು ಹಿಡಿದರು. ನಮ್ಮ ಮೆನು ಕಾರ್ಡುಗಳಲ್ಲಿ 'ಹಕ್ಕಾ ನೂಡಲ್ಸ್' ಎಂದಿರುವುದು ಇವರ ಹೆಸರೇ. ಚೀನೀ ಸಾಸಿಗೆ ನಮ್ಮ ಹಸಿಮೆಣಸು, ಕೊತ್ತಂಬರಿ ಸೇರಿ ಹೊಸ ರುಚಿಯೊಂದು ಕಲ್ಕತ್ತೆಯಲ್ಲಿ ಹುಟ್ಟಿತು.

1962ರ ಅಕ್ಟೋಬರ್‌ನಲ್ಲಿ ಯುದ್ಧ ಬಂತು. ತಿಂಗಳೊಪ್ಪತ್ತಿನಲ್ಲಿ ಅದು ಮುಗಿಯಿತು. ಆದರೆ ಭಾರತ ರಕ್ಷಣಾ ಕಾನೂನಿನಡಿ ಅಸ್ಸಾಂ, ಉತ್ತರ ಬಂಗಾಳ ಮೊದಲಾದ ಕಡೆಗಳಿಂದ ಸುಮಾರು 3,000 ಚೀನೀ ಮೂಲದವರನ್ನು ಹಿಡಿದು ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದರು. ಅವರಲ್ಲಿ ಹಸುಗೂಸುಗಳಿದ್ದರು, ಮುದುಕರಿದ್ದರು, ಭಾರತದಲ್ಲೇ ಹುಟ್ಟಿ ಬೆಳೆದವರಿದ್ದರು. ವಿಚಾರಣೆಯೆಂಬುದೇ ನಡೆಯಲಿಲ್ಲ. ಕೆಲವರು 1967ರವರೆಗೂ ಅಲ್ಲಿದ್ದರು. ಬಿಡುಗಡೆಯಾಗಿ ಬಂದವರಲ್ಲಿ ಅನೇಕರಿಗೆ ಮನೆಯಿರಲಿಲ್ಲ, ಅಂಗಡಿಯಿರಲಿಲ್ಲ. ಸಾವಿರಾರು ಜನ ದೇಶ ಬಿಟ್ಟು ಹೋದರು. ದೂರದ ಸರ್ಕಾರವೊಂದು ಮಾಡಿದ್ದಕ್ಕೆ ಪಕ್ಕದ ಮನೆಯವನ ಮುಖ ನೋಡಿ ಶಿಕ್ಷೆ ಕೊಡುವುದು ಎಂಥ ನ್ಯಾಯ? ಈ ಪ್ರಶ್ನೆ ಅಂದಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಉಳಿದವರು ಅಡುಗೆಯನ್ನು ನಂಬಿ ಬದುಕಿದರು. ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಮುಂಬೈಗೆ ಹೋಗಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಬಾಣಸಿಗರಾದರು. 1975ರಲ್ಲಿ ಗ್ರಾಹಕರೊಬ್ಬರು ಹೊಸದೇನಾದರೂ ಮಾಡಿಕೊಡಿ ಎಂದಾಗ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಬಾಡಿಸಿ, ಗರಂ ಮಸಾಲೆ ಬದಲು ಸೋಯಾ ಸಾಸ್ ಹಾಕಿ ಕೋಳಿ ಬೇಯಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅದೇ ಚಿಕನ್ ಮಂಚೂರಿಯನ್. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದೇ ತಡ, ಮಾಂಸ ತಿನ್ನದವರಿಗೂ ಅದು ಒಗ್ಗಿತು. ಮುಂದೆ ತಳ್ಳುಗಾಡಿ ಹತ್ತಿ ನಮ್ಮ ಹೋಬಳಿಗಳಿಗೂ ಬಂತು. ಆ ಹೊತ್ತಿಗೆ ಅದನ್ನು ಕೊಟ್ಟವರ ಹೆಸರು ದಾರಿಯಲ್ಲೆಲ್ಲೋ ಕಳೆದುಹೋಗಿತ್ತು.

ಕೊನೆಗೆ ಕಾಪಾಡಬೇಕಾದ ರುಚಿಯನ್ನೂ ನಾವು ಬಣ್ಣದಲ್ಲಿ ಮುಳುಗಿಸಿದೆವು. ಕರ್ನಾಟಕ ಸರ್ಕಾರ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ತಿಳಿದುಬಂತು. 2024ರ ಮಾರ್ಚ್ 11ರಂದು ಗೋಬಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಲಾಯಿತು. ಅದೇ ಜೂನ್‌ನಲ್ಲಿ ಕಬಾಬಿನ ಸರದಿಯೂ ಬಂತು. ಆದ್ದರಿಂದ ಇದು ಒಂದು ಗಾಡಿಯವರ, ಒಂದು ಜನಾಂಗದವರ ದೋಷವೆಂದು ಬೆರಳು ತೋರಿಸುವಂತಿಲ್ಲ. ಕಣ್ಣಿಗೆ ಕೆಂಪಗೆ ಕಂಡರೆ ಸಾಕು ಎನ್ನುವ ನಮ್ಮ ಆಸೆಗೂ ಇದರಲ್ಲಿ ಪಾಲಿದೆ.

ಪರದೇಶದ ಊಟ ಸೇರದೆ ಗೊಣಗಿದವರಲ್ಲಿ ನಾವೇನೂ ಮೊದಲಿಗರಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೋದ ಇಬ್ನ್ ಬತೂತ, ಈ ಕಡೆಯ ನಾಡುಗಳಲ್ಲಿ ರೊಟ್ಟಿಯ ಮುಖ ಕಾಣದೆ ಅನ್ನ ತಿಂದು ತಿಂದು, ಕಡೆಗೆ ನೀರು ಕುಡಿಯದೆ ಅದು ಗಂಟಲಿಗೆ ಇಳಿಯುತ್ತಿರಲಿಲ್ಲ ಎಂದು ಹೇಳಿಕೊಂಡಿದ್ದಾನೆ. ಆದರೆ ಆತ ಉಣ್ಣಿಸಿದ ಸುಲ್ತಾನ ಜಮಾಲುದ್ದೀನನ ಹೆಸರನ್ನು ಮರೆಯಲಿಲ್ಲ. ಅನ್ನಕ್ಕೆ ಹಾಕಿದ ತುಪ್ಪ, ಜೊತೆಗಿಟ್ಟ ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಯಲ್ಲಿ ಬಡಿಸಿದ ಮೊಸರು ಎಲ್ಲವನ್ನೂ ವಿವರವಾಗಿ ದಾಖಲಿಸಿದ. ಊಟ ಹಿಡಿಸದಿದ್ದರೂ ಉಣಿಸಿದವರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಆತ ಸಲ್ಲಿಸಿದ. ದೇವಲಿಯ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ತಿಳಿಯುವಂತಾದರೆ, ನಾವೂ ಅಷ್ಟನ್ನು ಸಲ್ಲಿಸಿದಂತಾದೀತು.