ನಿತ್ಯಪುಷ್ಪದ ಎಲೆ ಮತ್ತು ಸತ್ತ ಇಲಿಗಳು

ಸಕ್ಕರೆ ಕಾಯಿಲೆಗೆಂದು ನಿತ್ಯಪುಷ್ಪದ ಎಲೆ ಅಗಿಯುವವರು ನಮ್ಮಲ್ಲಿದ್ದಾರಲ್ಲ, ಜಮೈಕಾದಲ್ಲೂ ಅದೇ ಮನೆಮದ್ದು. 1952ರಲ್ಲಿ ಅಲ್ಲಿನ ವೈದ್ಯರೊಬ್ಬರು 25 ಎಲೆಗಳನ್ನು ಲಕೋಟೆಯಲ್ಲಿಟ್ಟು ಕೆನಡಾದ ಡಾ. ಕ್ಲಾರ್ಕ್ ನೋಬಲ್‌ಗೆ ಕಳಿಸಿದರು. ಅವರು ಅದನ್ನು ಸಂಶೋಧಕನಾಗಿದ್ದ ತಮ್ಮ ರಾಬರ್ಟ್‌ಗೆ ದಾಟಿಸಿದರು.

ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿದರೆ ಸಕ್ಕರೆ ಇಳಿಯಲಿಲ್ಲ. ಇಂಜೆಕ್ಷನ್ ಕೊಟ್ಟರೆ ಇಲಿಗಳೇ ಸೋಂಕು ತಗುಲಿ ಸತ್ತವು! ನೋಡಿದರೆ ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿದ್ದವು. ನಮ್ಮಂಥ ಸಾಫ್ಟ್‌ವೇರ್ ಮಂದಿಯಾಗಿದ್ದರೆ ಬಗ್ ಅಂತ ಬರೆದು ಮುಚ್ಚಿಬಿಡುತ್ತಿದ್ದೆವೇನೋ. ರಾಬರ್ಟ್ ಹಾಗೆ ಮಾಡಲಿಲ್ಲ. ಬಿಳಿ ಕಣಗಳು ಹದ್ದುಮೀರಿ ಬೆಳೆಯುವುದೇ ಲ್ಯುಕೇಮಿಯಾ ತಾನೆ? ಚಾರ್ಲ್ಸ್ ಬಿಯರ್ ಜೊತೆ ಸೇರಿ ಆ ಅಂಶವನ್ನು ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಅದೇ ವಿನ್‌ಬ್ಲಾಸ್ಟಿನ್. ಇದೇ ಗಿಡದಿಂದ ಲಿಲ್ಲಿ ಕಂಪನಿ ತೆಗೆದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ರಕ್ತ ಕ್ಯಾನ್ಸರಿಗೆ ಇವತ್ತಿಗೂ ಅದನ್ನು ಕೊಡುತ್ತಾರೆ.

ಅಂದಹಾಗೆ, ಹಿತ್ತಲಲ್ಲಿ ಎಲೆ ಕಿತ್ತು ಅಗಿಯುವವರು ಸಿಕ್ಕರೆ ಆ ಇಲಿಗಳ ಕಥೆಯನ್ನೂ ಹೇಳಿ ಮಾರಾಯ್ರೆ.